ಬಿಲ್ಡರ್ ‘ಆಗಲ್ಲ’ ಅಂದ ಮೇಲೆ

ಮನೆಗಳ ಸೋರಿಕೆ, ಬಿರುಕು, ಟೊಳ್ಳಾದ ಟೈಲ್ಸ್ ಪರೀಕ್ಷಿಸಿ ವರದಿ ಬರೆದುಕೊಡುವುದು ನನ್ನ ಕೆಲಸ. ಸಿವಿಲ್ ಎಂಜಿನಿಯರ್ ಆಗಿ ಬೆಂಗಳೂರಿನಲ್ಲಿ ಮೊದಲು ಕಟ್ಟುವವರ ಕಡೆ ಇದ್ದೆ, ಈಗ ಕೊಂಡವರ ಕಡೆ ಇದ್ದೇನೆ. ನನ್ನನ್ನು ಕರೆಸುವವರಲ್ಲಿ ಹೆಚ್ಚಿನವರು ಒಮ್ಮೆ ಬಿಲ್ಡರ್‌ಗೆ ದೂರು ಕೊಟ್ಟು, ‘ಇದು ನಮ್ಮ ವಾರಂಟಿಗೆ ಬರಲ್ಲ’ ಎನಿಸಿಕೊಂಡು, ಸಾಲದ ಕಂತಿನ ಮೇಲೆ ರಿಪೇರಿ ಖರ್ಚನ್ನೂ ಹೊರಲು ಮನಸ್ಸು ಗಟ್ಟಿ ಮಾಡಿಕೊಂಡವರು. ಅಷ್ಟು ಬೇಗ ಕೈಚೆಲ್ಲಬೇಕಿಲ್ಲ. ಬಿಲ್ಡರ್ ಕೊಡುವ ನಿರಾಕರಣೆ ಬಹುತೇಕ ಒಂದೇ ಒಂದು ಕಾರಣದ ಮೇಲೆ ನಿಂತಿರುತ್ತದೆ. ಅದನ್ನು ಗುರುತಿಸಿ, ಅದಕ್ಕೆ ಮಾತ್ರ ಸಾಕ್ಷಿ ಸಮೇತ ಉತ್ತರ ಕೊಟ್ಟವರ ಕೆಲಸ ಆಗುವುದನ್ನು ನೋಡಿದ್ದೇನೆ.

1. ಬಿಲ್ಡರ್ ಕೊಟ್ಟ ಹಾಳೆಯನ್ನು ಪಕ್ಕಕ್ಕಿಟ್ಟು ಕಾಯ್ದೆ ಓದಿ.

ಕೀಲಿ ಕೊಡುವಾಗ ಒಂದು ಫೋಲ್ಡರ್ ಕೊಡುತ್ತಾರೆ. ಅದರಲ್ಲಿ ಪ್ಲಂಬಿಂಗ್‌ಗೆ ಒಂದು ವರ್ಷ, ಬಣ್ಣಕ್ಕೆ ಇಲ್ಲ, ಇತ್ಯಾದಿ ಪಟ್ಟಿ ಇರುತ್ತದೆ. ಜನ ಅದನ್ನೇ ವಾರಂಟಿ ಎಂದು ನಂಬುತ್ತಾರೆ. ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, 2016ರ ಸೆಕ್ಷನ್ 14(3) ಹೇಳುವುದು ಬೇರೆ. ಮನೆಯ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ದೋಷವನ್ನು ಬಿಲ್ಡರ್ ಗಮನಕ್ಕೆ ತಂದರೆ, 30 ದಿನಗಳೊಳಗೆ ಹಣ ಕೇಳದೆ ಸರಿಪಡಿಸುವುದು ಅವರ ಕರ್ತವ್ಯ. ಸರಿಪಡಿಸದಿದ್ದರೆ ಕೊಂಡವರಿಗೆ ಪರಿಹಾರ ಪಡೆಯುವ ಹಕ್ಕಿದೆ.

‘ಸ್ಟ್ರಕ್ಚರಲ್ ದೋಷಕ್ಕೆ ಮಾತ್ರ ಐದು ವರ್ಷ, ಸೋರಿಕೆಗೆ ಒಂದೇ ವರ್ಷ’ ಎಂಬ ಉತ್ತರ ಬಂದರೆ ಆ ಸೆಕ್ಷನ್ನಿನ ಮುಂದಿನ ಮಾತುಗಳನ್ನು ತೋರಿಸಿ. ಕಟ್ಟಡದ ರಚನೆಯ ದೋಷದ ಜೊತೆಗೆ ಕೆಲಸಗಾರಿಕೆ, ಗುಣಮಟ್ಟ, ಸೇವೆಗಳ ಒದಗಣೆ ಇವುಗಳಲ್ಲಿನ ದೋಷವನ್ನೂ ಅಲ್ಲೇ ಹೆಸರಿಸಿದೆ. ವಾಟರ್‌ಪ್ರೂಫಿಂಗ್ ಸರಿಯಾಗಿ ಮಾಡದ ಬಾತ್‌ರೂಮು ಕೆಲಸಗಾರಿಕೆಯ ದೋಷ. ತೊಲೆ, ಕಂಬ ಒಡೆಯುವವರೆಗೆ ಕಾಯಬೇಕಿಲ್ಲ.

2. ತಿಳಿಸಿದ ದಿನಾಂಕಕ್ಕೆ ದಾಖಲೆ ಇರಲಿ.

ಕಾಯ್ದೆ ಕೇಳುವುದು ಐದು ವರ್ಷದೊಳಗೆ ಗಮನಕ್ಕೆ ತಂದಿರಬೇಕು ಎಂದು. ಸೆಕ್ಯುರಿಟಿ ಮೇಜಿನ ಪುಸ್ತಕದಲ್ಲಿ ಬರೆದದ್ದು, ಸೈಟ್ ಎಂಜಿನಿಯರ್‌ಗೆ ಫೋನ್ ಮಾಡಿದ್ದು, ಲಿಫ್ಟ್‌ನಲ್ಲಿ ಸಿಕ್ಕಾಗ ಹೇಳಿದ್ದು ಮುಂದೆ ಕೈಹಿಡಿಯುವುದಿಲ್ಲ. ಮೇಂಟೆನೆನ್ಸ್ ಆ್ಯಪ್‌ನಲ್ಲಿ ದೂರು ಹಾಕಿದ್ದರೆ ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಅಸೋಸಿಯೇಷನ್ ಆ್ಯಪ್ ಬದಲಿಸಿದ ದಿನ ಹಳೆಯ ದೂರುಗಳೂ ಹೋಗುತ್ತವೆ. ಕಂಪನಿಯ ಅಧಿಕೃತ ವಿಳಾಸಕ್ಕೆ ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡೂ ಹೋಗಲಿ.

ಬೆಂಗಳೂರಿನಲ್ಲಿ ಇಂಟೀರಿಯರ್ ಮಾಡಿಸಿಕೊಳ್ಳಲಿ ಎಂದು ಓಸಿ (ಸ್ವಾಧೀನಾನುಭವ ಪ್ರಮಾಣಪತ್ರ) ಬರುವ ಮೊದಲೇ ಕೀಲಿ ಕೊಡುವ ರೂಢಿ ಇದೆ. ಆಮೇಲೆ ಬಿಲ್ಡರ್ ಆ ದಿನದಿಂದ ಲೆಕ್ಕ ಹಾಕುತ್ತಾರೆ, ಮನೆಯವರು ಕ್ರಯಪತ್ರದ ದಿನದಿಂದ ಹಾಕುತ್ತಾರೆ. ಈ ವಾದಕ್ಕೆ ಅವಕಾಶವನ್ನೇ ಕೊಡಬೇಡಿ. ಎಲ್ಲಕ್ಕಿಂತ ಹಿಂದಿನ ದಿನಾಂಕ ಹಿಡಿದು, ಐದು ವರ್ಷ ತುಂಬುವ ಮುಂಚಿನ ಮಳೆಗಾಲದಲ್ಲೇ ಮನೆಯಿಡೀ ನೋಡಿ ಪಟ್ಟಿ ಕಳಿಸಿಬಿಡಿ.

3. ‘ಆಗಲ್ಲ’ ಎನ್ನುವುದನ್ನು ಬರೆದು ಕೊಡಲು ಹೇಳಿ.

ಬಾಯಿಮಾತಿನ ನಿರಾಕರಣೆಗೆ ಕಾರಣಗಳು ದಿನಕ್ಕೊಂದು. ಇವತ್ತು ಮೇಲಿನ ಮಹಡಿಯವರ ತಪ್ಪು, ನಾಳೆ ನಿಮ್ಮ ಬಡಗಿಯ ತಪ್ಪು, ನಾಡಿದ್ದು ಮಳೆ ಜಾಸ್ತಿ ಆಯಿತು. ಬರೆದುಕೊಟ್ಟ ಮೇಲೆ ಕಾರಣ ಒಂದು ಕಡೆ ನಿಲ್ಲುತ್ತದೆ, ಉತ್ತರ ಕೊಡಲು ಬರುತ್ತದೆ. ಬರೆದುಕೊಡದಿದ್ದರೆ, ಅವರ ಎಂಜಿನಿಯರ್ ಬಂದು ಹೋದ ಸಂಜೆಯೇ ನೀವು ಮೇಲ್ ಮಾಡಿ: ಇಂಥ ದಿನ ಇಂಥವರು ಬಂದು ನೋಡಿದರು, ಈ ಕಾರಣ ಹೇಳಿದರು, ಇದರಲ್ಲಿ ತಪ್ಪಿದ್ದರೆ ತಿಳಿಸಿ. ಮರುತ್ತರ ಬಾರದಿದ್ದರೆ ಆ ಮೇಲ್ ನಿಮ್ಮ ದಾಖಲೆಯಾಗಿ ಉಳಿಯುತ್ತದೆ.

4. ನೀರು ಎಲ್ಲಿಂದ ಬರುತ್ತಿದೆ ಎಂದು ತೋರಿಸಿಕೊಟ್ಟರೆ ಅರ್ಧ ವಾದ ಮುಗಿಯಿತು.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಹೆಚ್ಚಿನ ಪ್ರಕರಣಗಳು ಗೆಲ್ಲುವುದೂ ಸೋಲುವುದೂ ಇಲ್ಲೇ.

ಕನಕಪುರ ರಸ್ತೆಯ ಒಂದು ಫ್ಲ್ಯಾಟು. ಮಲಗುವ ಕೋಣೆಯ ವಾರ್ಡ್‌ರೋಬಿನ ಹಿಂದಿನ ಗೋಡೆ ಒದ್ದೆಯಾಗಿ, ಪುಟ್ಟಿ ಹಪ್ಪಳದಂತೆ ಎದ್ದು, ಕೆಳಗೆ ಬಿಳಿಯ ಉಪ್ಪು ಕಟ್ಟಿತ್ತು. ಬಿಲ್ಡರ್ ಕಡೆಯ ಎಂಜಿನಿಯರ್ ಬಂದವರು ಗೋಡೆ ಮುಟ್ಟುವ ಮೊದಲೇ, “ಮೇಡಂ, ನೀವು ವಾರ್ಡ್‌ರೋಬ್ ಕೂರಿಸೋವಾಗ ಡ್ರಿಲ್ ಹೊಡೆಸಿದ್ದೀರಲ್ಲ, ಪೈಪಿಗೆ ಪೆಟ್ಟಾಗಿದೆ. ಇದು ನಮ್ಮ ವಾರಂಟಿಗೆ ಬರಲ್ಲ” ಎಂದರು. ಮನೆಯಾಕೆ ಕೇಳಿದ್ದು ಒಂದೇ ಪ್ರಶ್ನೆ: “ಸರ್, ಈ ಗೋಡೆಯಲ್ಲಿ ಪೈಪ್ ಎಲ್ಲಿದೆ, ಡ್ರಾಯಿಂಗ್‌ನಲ್ಲಿ ತೋರಿಸ್ತೀರಾ?” ಹಸ್ತಾಂತರದ ಫೋಲ್ಡರಿನಲ್ಲಿದ್ದ ಪ್ಲಂಬಿಂಗ್ ನಕ್ಷೆ ಆಕೆಯ ಕೈಯಲ್ಲಿತ್ತು. ಆ ಗೋಡೆಯಲ್ಲಿ ಪೈಪೇ ಇರಲಿಲ್ಲ. ಆಚೆ ಬದಿಗೆ ಬಾತ್‌ರೂಮು.

ನಾವು ಮಾಡಿದ್ದು ಸರಳ ಪರೀಕ್ಷೆ. ಬಾತ್‌ರೂಮಿನ ನಹಾನಿ ಟ್ರ್ಯಾಪನ್ನು ಬಿಗಿಯಾಗಿ ಮುಚ್ಚಿ, ನೆಲದ ಮೇಲೆ ಬಣ್ಣ ಬೆರೆಸಿದ ನೀರು ನಿಲ್ಲಿಸಿದೆವು. ನೀರಿನ ಮಟ್ಟಕ್ಕೆ ಟೈಲ್ಸಿನ ಮೇಲೆ ಪೆನ್ಸಿಲ್ ಗೆರೆ ಎಳೆದು, ಬಾಗಿಲಿಗೆ ಬೀಗ ಹಾಕಿ, ಬಿಲ್ಡರ್ ಕಡೆಯವರಿಗೂ ಹೇಳಿ ಕಳಿಸಿದೆವು. ಮರುದಿನ ಎಲ್ಲರೂ ಸೇರಿ ನೋಡಿದಾಗ ಮಟ್ಟ ಗೆರೆಯಿಂದ ಇಳಿದಿತ್ತು, ಬಣ್ಣ ವಾರ್ಡ್‌ರೋಬಿನ ಹಿಂದಿನ ಗೋಡೆಯ ಬುಡದಲ್ಲಿ ಕಾಣಿಸಿಕೊಂಡಿತ್ತು. ಬಾತ್‌ರೂಮಿನ ತಗ್ಗು ಸ್ಲ್ಯಾಬಿನ ವಾಟರ್‌ಪ್ರೂಫಿಂಗ್ ಮೂಲೆಯಲ್ಲಿ ಬಿಟ್ಟುಕೊಂಡಿತ್ತು. ಡ್ರಿಲ್ಲಿನ ಮಾತು ಆಮೇಲೆ ಬರಲಿಲ್ಲ.

ಪರೀಕ್ಷೆಗೂ ಮುಂಚೆ ಮನೆಯವರೇ ಗಮನಿಸಬಹುದಾದದ್ದು ಬಹಳ ಇದೆ. ಫೆಬ್ರವರಿ, ಮಾರ್ಚ್‌ನಲ್ಲೂ ಒದ್ದೆ ಆರದಿದ್ದರೆ ಪೈಪು ಅಥವಾ ಬಾತ್‌ರೂಮಿನ ಮೇಲೆ ಅನುಮಾನ ಪಡಿ. ಗಾಳಿಮಳೆ ಬಂದಾಗ ಮಾತ್ರ ಒದ್ದೆಯಾದರೆ ಹೊರಗೋಡೆಯ ಬಿರುಕು, ಕಿಟಕಿಯ ಅಂಚು. ರಾತ್ರಿ ಎಲ್ಲ ನಲ್ಲಿ ಮುಚ್ಚಿದ ಮೇಲೂ ನೀರಿನ ಮೀಟರ್ ಓಡುತ್ತಿದ್ದರೆ ಒತ್ತಡದ ಪೈಪಿನಲ್ಲಿ ಸೋರಿಕೆ ಇರಬಹುದು. ತೊಲೆ ಮತ್ತು ಬ್ಲಾಕ್ ಗೋಡೆ ಸೇರುವ ಕಡೆ ನೇರವಾಗಿ ಅಡ್ಡ ಬಿರುಕು ಬಂದಿದ್ದರೆ, ಪ್ಲಾಸ್ಟರ್ ಮಾಡುವಾಗ ಅಲ್ಲಿ ಜಾಲರಿ ಹಾಕಿಲ್ಲದಿರಬಹುದು. ಕರಾರಿನಲ್ಲಿ ‘ಕೂದಲೆಳೆ ಬಿರುಕಿಗೆ ನಾವು ಹೊಣೆಯಲ್ಲ’ ಎಂದು ಬರೆದಿರುತ್ತಾರೆ. ಪ್ಲಾಸ್ಟರಿನಲ್ಲಿ ಸಹಜವಾಗಿ ಬರುವ ಸಣ್ಣ ಗೆರೆಗಳಿಗೆ ಅದು ನ್ಯಾಯವೇ. ಆದರೆ ಬಿರುಕು ಅಗಲವಾಗುತ್ತಿದೆ, ನೀರು ಬಿಡುತ್ತಿದೆ ಎಂದಾದರೆ ಆ ಮಾತು ಅನ್ವಯಿಸುವುದಿಲ್ಲ. ಪಕ್ಕದಲ್ಲಿ ಸ್ಕೇಲ್ ಹಿಡಿದು ತಿಂಗಳಿಗೊಮ್ಮೆ ಒಂದೇ ಜಾಗದಿಂದ ಫೋಟೊ ತೆಗೆಯಿರಿ.

5. ಸಾಕ್ಷಿ ಸಿಗುವ ಮೊದಲು ಮೇಸ್ತ್ರಿಯನ್ನು ಕರೆಯಬೇಡಿ.

ನೆಂಟರು ಬರುತ್ತಾರೆ ಎಂದು ಪುಟ್ಟಿ ಹೊಡೆಸಿ ಬಣ್ಣ ಬಳಿಸಿದರೆ ದೋಷ ಅಡಿಯಲ್ಲೇ ಇರುತ್ತದೆ, ಪುರಾವೆ ಮಾತ್ರ ಹೋಗುತ್ತದೆ. ಮೂಲ ಫೋಟೊಗಳನ್ನು ಫೋನಿನಿಂದ ಅಳಿಸಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪ್ರತಿಯಲ್ಲಿ ತೆಗೆದ ದಿನ, ಸಮಯದ ವಿವರ ಉಳಿಯುವುದಿಲ್ಲ. ತುರ್ತಾಗಿ ರಿಪೇರಿ ಮಾಡಿಸಲೇಬೇಕಾಗಿ ಬಂದರೆ, ಉದಾಹರಣೆಗೆ ಸ್ವಿಚ್ ಬೋರ್ಡಿಗೆ ನೀರು ಇಳಿಯುತ್ತಿದ್ದರೆ, ಮೊದಲು ಬಿಲ್ಡರ್‌ಗೆ ಮೇಲ್ ಮಾಡಿ, ಒಡೆಯುವಾಗ ವೀಡಿಯೊ ಮಾಡಿ, ಜಿಎಸ್‌ಟಿ ಬಿಲ್ ಪಡೆಯಿರಿ.

6. ‘ಅಸೋಸಿಯೇಷನ್‌ಗೆ ಒಪ್ಪಿಸಿಬಿಟ್ಟಿದ್ದೇವೆ’ ಎನ್ನುವುದು ಉತ್ತರವಲ್ಲ.

ಟೆರೇಸು, ಹೊರಗೋಡೆ, ಬೇಸ್‌ಮೆಂಟಿನ ಸೋರಿಕೆಗೆ ಈ ಮಾತು ಖಾಯಂ. ರೇರಾ ಕಾಯ್ದೆಯ ಸೆಕ್ಷನ್ 11(4)(ಎ) ಇದನ್ನು ಸ್ಪಷ್ಟವಾಗಿ ಮುಚ್ಚಿದೆ: ಎಲ್ಲ ಮನೆಗಳ ಕ್ರಯಪತ್ರ ಆದ ಮೇಲೂ ಸೆಕ್ಷನ್ 14(3)ರ ಅವಧಿಯ ದೋಷಗಳಿಗೆ ಬಿಲ್ಡರ್ ಹೊಣೆ ಮುಂದುವರಿಯುತ್ತದೆ. ಇಂಥ ದೂರನ್ನು ಒಂಟಿಯಾಗಿ ಬರೆಯುವುದಕ್ಕಿಂತ ಅಸೋಸಿಯೇಷನ್ ಹೆಸರಿನಲ್ಲಿ, ಸೋರುವ ಮನೆಗಳ ಪಟ್ಟಿ ಲಗತ್ತಿಸಿ ಬರೆಯುವುದು ಮೇಲು. ಒಂದೇ ಸಾಲಿನ ಮೇಲಿನಿಂದ ಕೆಳಗಿನವರೆಗಿನ ಬಾತ್‌ರೂಮುಗಳು ಸೋರುತ್ತಿದ್ದರೆ ಅಷ್ಟೂ ಮನೆಯವರು ಡ್ರಿಲ್ ಹೊಡೆಸಿದರು ಎಂದು ಯಾರೂ ಹೇಳಲಾರರು.

7. ಎಲ್ಲಿಗೆ ಹೋಗಬೇಕು ಎನ್ನುವುದು ನಿಮಗೆ ಏನು ಬೇಕು ಎನ್ನುವುದರ ಮೇಲೆ ನಿಂತಿದೆ.

ನೋಟಿಸ್ ಕೊಟ್ಟು 30 ದಿನ ಕಳೆದ ಮೇಲೆ ದಾರಿ ಎರಡು: ಕರ್ನಾಟಕ ರೇರಾ ಅಥವಾ ಗ್ರಾಹಕರ ಆಯೋಗ. ಎರಡೂ ತೆರೆದಿವೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಇಂಪೀರಿಯಾ ಸ್ಟ್ರಕ್ಚರ್ಸ್ ಪ್ರಕರಣದಲ್ಲಿ ಹೇಳಿದೆ. ಒಂದನ್ನು ಆರಿಸಿಕೊಳ್ಳಿ. ಒಂದೇ ಪರಿಹಾರಕ್ಕಾಗಿ ಎರಡೂ ಕಡೆ ಅರ್ಜಿ ಹಾಕಿ ಪ್ರಕರಣ ಹಾಳು ಮಾಡಿಕೊಳ್ಳಬೇಡಿ.

ರೇರಾದಲ್ಲಿ ರಿಪೇರಿಯ ಆದೇಶ ಬೇಕಿದ್ದರೆ ಪ್ರಾಧಿಕಾರದ ಮುಂದೆ, ನಷ್ಟ ಪರಿಹಾರದ ಹಣ ಬೇಕಿದ್ದರೆ ನ್ಯಾಯನಿರ್ಣಯಾಧಿಕಾರಿಯ ಮುಂದೆ ಹೋಗಬೇಕು. ಗ್ರಾಹಕರ ಆಯೋಗದಲ್ಲಿ ಎರಡನ್ನೂ ಒಟ್ಟಿಗೆ ಕೇಳಬಹುದು. ಮನೆಗೆ ಕೊಟ್ಟ ಹಣ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, ಅದಕ್ಕಿಂತ ಹೆಚ್ಚು 2 ಕೋಟಿಯವರೆಗೆ ರಾಜ್ಯ ಆಯೋಗ. ಅಲ್ಲಿ ಕಾಲಮಿತಿ 2 ವರ್ಷ. ಸಕಾರಣವಿದ್ದರೆ ವಿಳಂಬವನ್ನು ಮನ್ನಿಸುತ್ತಾರೆ, ಆದರೆ ಅದನ್ನು ನೆಚ್ಚಿಕೊಂಡು ಕೂರಬಾರದು. ನಿವೇಶನದಲ್ಲಿ ಗುತ್ತಿಗೆದಾರರಿಂದ ಮನೆ ಕಟ್ಟಿಸಿಕೊಂಡವರಿಗೆ ರೇರಾ ಸಿಗುವುದಿಲ್ಲ, ಗ್ರಾಹಕರ ಆಯೋಗವೇ ದಾರಿ. ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತಿದೆ ಎಂದು ಹೆದರಿಸಿದರೆ, ಅದು ಗ್ರಾಹಕರ ಆಯೋಗಕ್ಕೆ ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಎಮಾರ್ ಪ್ರಕರಣದಲ್ಲಿ ತೀರ್ಮಾನಿಸಿದೆ.

ದೂರಿನಲ್ಲಿ ನೋವು ತೋಡಿಕೊಳ್ಳಬೇಕು ಅನಿಸುವುದು ಸಹಜ. ಜೀವಮಾನದ ಉಳಿತಾಯ ಹಾಕಿದ ಮನೆ ಅದು. ಆದರೂ ಮೊದಲ ಪುಟದಲ್ಲಿ ಸ್ವಾಧೀನದ ದಿನ, ದೋಷ ತಿಳಿಸಿದ ದಿನ, ಅವರು ಕೊಟ್ಟ ಕಾರಣ, ಆ ಕಾರಣ ಏಕೆ ಸುಳ್ಳು, ನಿಮಗೆ ಏನು ಬೇಕು ಇಷ್ಟೇ ಇರಲಿ. ಮಿಕ್ಕದ್ದೆಲ್ಲ ಲಗತ್ತುಗಳಲ್ಲಿ.

8. ರಾಜಿಗೆ ಬಂದಾಗ ಸಹಿ ಹಾಕುವ ಮುನ್ನ ಓದಿ.

ಎಷ್ಟೋ ಸಲ ನೋಟಿಸ್ ತಲುಪಿದ ಕೂಡಲೇ ಬಿಲ್ಡರ್ ರಿಪೇರಿಗೆ ಒಪ್ಪುತ್ತಾರೆ. ಅದು ಒಳ್ಳೆಯದೇ, ಒಪ್ಪಿಕೊಳ್ಳಿ. ಯಾವ ವಿಧಾನ, ಯಾವ ಸಾಮಗ್ರಿ, ಯಾವ ದಿನದೊಳಗೆ, ಒಡೆದ ಟೈಲ್ಸ್ ಮತ್ತು ಹಾಳಾದ ವಾರ್ಡ್‌ರೋಬಿನ ಖರ್ಚು ಯಾರದು ಎಂದು ಬರೆಸಿಕೊಳ್ಳಿ. ವಾಟರ್‌ಪ್ರೂಫಿಂಗ್ ಮಾಡಿ ಟೈಲ್ಸ್ ಹಾಕಿ ಮುಚ್ಚುವ ಮೊದಲು ಮತ್ತೆ ನೀರು ನಿಲ್ಲಿಸಿ ನೋಡಬೇಕು ಎಂಬ ಷರತ್ತು ಹಾಕಿ. ಕೆಲಸ ಮುಗಿದ ದಿನವೇ ಒಂದು ಹಾಳೆ ತಂದು ಸಹಿ ಕೇಳುತ್ತಾರೆ. ಅದರಲ್ಲಿ ‘ಇನ್ನು ಮುಂದೆ ಯಾವ ದೂರೂ ಇಲ್ಲ’ ಎಂಬ ಸಾಲಿದ್ದರೆ ಅದನ್ನು ಹೊಡೆದು ಹಾಕಿ, ‘ಕೆಲಸ ಮಾಡಿದ್ದಾರೆ, ಒಂದು ಮಳೆಗಾಲ ನೋಡಿದ ಮೇಲೆ ಖಾತ್ರಿಪಡಿಸುತ್ತೇವೆ’ ಎಂದು ಬರೆದು, ಅದರ ಕೆಳಗೆ ಸಹಿ ಮಾಡಿ, ಒಂದು ಪ್ರತಿ ಇಟ್ಟುಕೊಳ್ಳಿ.