ಬ್ಯಾಕಪ್ ಒಂದು ಜಿಬಿಗೇ ನಿಂತಿತೇ? ಹಳೇ ಎಐಎಕ್ಸ್ ನೋಡಿಕೊಳ್ಳುವವರಿಗೆ ಏಳು ಸೂತ್ರ

ಐಬಿಎಂನ ಎಐಎಕ್ಸ್ ಯಂತ್ರಗಳು ವರ್ಷಗಟ್ಟಲೆ ತಕರಾರಿಲ್ಲದೆ ಓಡುತ್ತವೆ. ಡೇಟಾ ಮಾತ್ರ ಬೆಳೆಯುತ್ತಲೇ ಹೋಗುತ್ತದೆ. ಒಂದು ರಾತ್ರಿ ಬ್ಯಾಕಪ್ ಅರ್ಧಕ್ಕೇ ನಿಲ್ಲುತ್ತದೆ. ಡಿಸ್ಕಿನಲ್ಲಿ ನೋಡಿದರೆ ಜಾಗ ಬೇಕಾದಷ್ಟಿದೆ. ಆಗ ಹೀಗೆ ಮಾಡಿ.

1. ಮೊದಲು ಫೈಲಿನ ಗಾತ್ರ ಓದಿ. 'ಎಲ್‌ಎಸ್ -ಎಲ್' ಕೊಟ್ಟು ಫೈಲು ಎಷ್ಟು ಬೈಟಿಗೆ ನಿಂತಿದೆ ನೋಡಿ. 1073741312 ಎಂದಿದ್ದರೆ ತಡೆದದ್ದು ಯೂಲಿಮಿಟ್. ಎಐಎಕ್ಸ್ ಬಳಕೆದಾರನಿಗೆ ತಾನಾಗಿ ಕೊಡುವ ಮಿತಿ 2097151 ಬ್ಲಾಕ್, ಬ್ಲಾಕಿಗೆ 512 ಬೈಟ್. ಗುಣಿಸಿ ನೋಡಿ, ಒಂದು ಜಿಬಿಗೆ ಒಂದೇ ಒಂದು ಬ್ಲಾಕ್ ಕಡಿಮೆ! 2147483647ರ ಆಸುಪಾಸಿನಲ್ಲಿ ನಿಂತಿದ್ದರೆ ಯೂಲಿಮಿಟ್ ಒಂದನ್ನೇ ಏರಿಸಿ ಪ್ರಯೋಜನವಿಲ್ಲ. 2 ಜಿಬಿ ದಾಟಲಾರದೆ ನಿಂತದ್ದು ಫೈಲ್ ಸಿಸ್ಟಮ್, ಇಲ್ಲವೇ ಪ್ರೋಗ್ರಾಮ್. ಈ ಅಂಕಿ ನೋಡದೆ ಸೆಟ್ಟಿಂಗಿಗೆ ಕೈ ಹಾಕಲೇಬೇಡಿ.

2. ಶೆಲ್ ಯಾವುದೆಂದು ಗಮನಿಸಿ. 'ಯೂಲಿಮಿಟ್ -ಎಫ್' ಎಂದರೆ ಕಾರ್ನ್ ಶೆಲ್ 512 ಬೈಟಿನ ಲೆಕ್ಕ ಕೊಡುತ್ತದೆ, ಬ್ಯಾಶ್ 1024ರ ಲೆಕ್ಕ. ಮಿತಿ ಅದೇ, ಅಂಕಿ ಅರ್ಧ.

3. ಬೇಕಾದವರಿಗಷ್ಟೇ ಏರಿಸಿ. ರೂಟ್ ಆಗಿ 'ಸಿಎಚ್‌ಯೂಸರ್' ಕಮಾಂಡಿನಿಂದ ಆ ಬಳಕೆದಾರನ 'ಎಫ್‌ಸೈಜ್' ಅನ್ನು -1 ಮಾಡಿ. -1 ಎಂದರೆ ಮಿತಿಯೇ ಇಲ್ಲ. ಲಿಮಿಟ್ಸ್ ಫೈಲಿನ ಡೀಫಾಲ್ಟ್ ಭಾಗದಲ್ಲೇ -1 ಹಾಕಿ ಕೈ ತೊಳೆದುಕೊಳ್ಳುವವರಿದ್ದಾರೆ. ಅದು ಸರಿಯಲ್ಲ. ಯಾರದೋ ಲಾಗ್ ಹದ್ದುಮೀರಿ ಬೆಳೆದು ಡಿಸ್ಕನ್ನೆಲ್ಲ ನುಂಗದಿರಲಿ ಎಂದೇ ಈ ಮಿತಿ ಇರುವುದು.

4. ಲಾಗೌಟ್ ಆಗಿ ಮತ್ತೆ ಒಳಗೆ ಬನ್ನಿ. ಹೊಸ ಮಿತಿ ಹೊಸ ಲಾಗಿನ್‌ಗೆ ಮಾತ್ರ. ಮೊದಲೇ ಓಡುತ್ತಿರುವ ಡೇಟಾಬೇಸಿಗೆ ಹಳೇ ಮಿತಿಯೇ ಇರುತ್ತದೆ. ಹೊಸ ಲಾಗಿನ್‌ನಿಂದ ನಿಲ್ಲಿಸಿ ಶುರುಮಾಡಿ.

5. 2 ಜಿಬಿಗೆ ನಿಂತಿದ್ದು, ಫೈಲ್ ಸಿಸ್ಟಮ್ ಜೆಎಫ್‌ಎಸ್ ಆದರೆ 'ಎಲ್‌ಎಸ್‌ಎಫ್‌ಎಸ್ -ಕ್ಯೂ' ಕೊಟ್ಟು 'ಬಿಎಫ್' ಎದುರು ಏನಿದೆ ನೋಡಿ. 'ಫಾಲ್ಸ್' ಇದ್ದರೆ 2 ಜಿಬಿಯೇ ಗಡಿ, ಅದನ್ನು ಆಮೇಲೆ ಬದಲಿಸಲಾಗದು. 'ಬಿಎಫ್' ಅನ್ನು 'ಟ್ರೂ' ಮಾಡಿ ಹೊಸ ಫೈಲ್ ಸಿಸ್ಟಮ್ ಕಟ್ಟಿ, ಡೇಟಾ ಸಾಗಿಸಬೇಕು. ಆಗ ಸುಮಾರು 64 ಜಿಬಿವರೆಗೆ ನಡೆಯುತ್ತದೆ. ಹೇಗೂ ಹೊಸದು ಕಟ್ಟುವುದಾದರೆ, ಯಂತ್ರದಲ್ಲಿ ಜೆಎಫ್‌ಎಸ್2 ಇದ್ದಲ್ಲಿ ಅದನ್ನೇ ಆರಿಸಿ. ಅಲ್ಲಿ ಈ ತೊಡಕೇ ಇಲ್ಲ.

6. ಪ್ರೋಗ್ರಾಮೇ ಹಳತಾಗಿದ್ದು ಸೋರ್ಸ್ ಕೈಯಲ್ಲಿದ್ದರೆ '_ಲಾರ್ಜ್_ಫೈಲ್ಸ್' ಹಾಕಿ ಮತ್ತೆ ಕಂಪೈಲ್ ಮಾಡಿ. ಇಲ್ಲವಾದರೆ ಔಟ್‌ಪುಟ್ಟನ್ನು ಪೈಪಿನಲ್ಲಿ 'ಸ್ಪ್ಲಿಟ್'ಗೆ ಕೊಟ್ಟು ತುಂಡು ತುಂಡಾಗಿ ಉಳಿಸಿ.

7. ರಾತ್ರಿಯ ಬ್ಯಾಕಪ್‌ಗೆ ಕಾಯದೆ 'ಡಿಡಿ' ಬಳಸಿ 3 ಜಿಬಿಯ ಫೈಲೊಂದನ್ನು ಆಗಲೇ ಬರೆಸಿ ನೋಡಿ, ಆಮೇಲೆ ಅಳಿಸಿ. ಆದರೆ ಈ ಪರೀಕ್ಷೆ ಬ್ಯಾಕಪ್ ಓಡಿಸುವ ಬಳಕೆದಾರನ ಹೆಸರಿನಲ್ಲೇ, ಅದೇ ಫೈಲ್ ಸಿಸ್ಟಮಿನಲ್ಲೇ ನಡೆಯಬೇಕು. ರೂಟ್‌ನ ಮಿತಿ ಬೇರೆಯೇ ಇರಬಹುದು. ಅಲ್ಲಿ ಪಾಸಾದರೆ ಇಲ್ಲಿ ಪಾಸಾದಂತಲ್ಲ.