ಟಾಕಿಯ ಮೇಲೊಂದು ಬಟನ್ ಸೆಲ್

ನವನಗರದಲ್ಲಿ ಸಂಸಾರ ಹೂಡಿದವರಿಗೆ ನಳದ ಲೆಕ್ಕ ಬಾಯಿಪಾಠ. ಮಲಪ್ರಭೆಯ ನೀರು ಬಂದಾಗ ಸಂಪು ತುಂಬಿಸಿಕೊಂಡು, ಮೋಟರ್ ಹಚ್ಚಿ ಮಾಳಿಗೆಯ ಟಾಕಿಗೆ ಏರಿಸಬೇಕು. ‘ನಳಾ ಬರೂತನಾ ಸಾಲತೇತೇನು, ನೋಡಪಾ’ ಎಂದು ಅವ್ವ ಕೇಳಿದಾಗಲೆಲ್ಲ ಮೆಟ್ಟಿಲು ಹತ್ತಿ ಮುಚ್ಚಳ ತೆಗೆಯುವುದು ನನ್ನ ಪಾಲಿನ ಕೆಲಸ. ಅದನ್ನು ತಪ್ಪಿಸಲು ಬ್ಲೂಟೂತ್ ಲೋ ಎನರ್ಜಿಯ ಪುಟ್ಟ ಸೂಚಕವೊಂದನ್ನು ಟಾಕಿಗೆ ಕೂಡಿಸಿದೆ. ವೈರ್ ಇಲ್ಲ, ಚಾರ್ಜರ್ ಇಲ್ಲ, ಒಂದು ಬಟನ್ ಸೆಲ್ ಅಷ್ಟೆ.

2006ರಲ್ಲಿ ನೋಕಿಯಾ ‘ವೈಬ್ರೀ’ ಎಂಬ ಹೆಸರಿನಲ್ಲಿ ಹೊರಗೆಡವಿದ ತಂತ್ರಜ್ಞಾನ ಇದು. ಮರುವರ್ಷ ಬ್ಲೂಟೂತ್ ಬಳಗಕ್ಕೆ ಸೇರಿ, 2010ರ ಬ್ಲೂಟೂತ್ 4.0 ಆವೃತ್ತಿಯಲ್ಲಿ ಈಗಿನ ರೂಪ ಪಡೆಯಿತು. ಫಿಟ್‌ನೆಸ್ ಬ್ಯಾಂಡ್, ಕೀಲಿಗೊಂಚಲಿನ ಟ್ಯಾಗ್, ಫೋನಿಗೆ ಲೆಕ್ಕ ಒಪ್ಪಿಸುವ ಗ್ಲುಕೋಮೀಟರ್ ಇವುಗಳೊಳಗೆ ಇರುವುದೂ ಸಾಮಾನ್ಯವಾಗಿ ಇದೇ.

‘ಇದಕ್ಕ ಚಾರ್ಜ್ ಮಾಡೂದ ಬ್ಯಾಡೇನ್ರಿ?’ ಎಂದು ಪಕ್ಕದ ಮನೆಯ ಕಾಕಾ ಕೇಳಿದರು. ಅವರ ಮುಂದೆ ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಸಿಆರ್2032 ಸೆಲ್‌ನಲ್ಲಿ ಇರುವುದು ಸುಮಾರು 220 ಮಿಲಿಆಂಪ್-ಅವರ್. ವರ್ಷಕ್ಕೆ 8,760 ತಾಸು. ಭಾಗಿಸಿದರೆ ಸರಾಸರಿ 25 ಮೈಕ್ರೋಆಂಪ್. ಅಷ್ಟರಲ್ಲೇ ವರ್ಷ ದೂಡಬೇಕು. ರೇಡಿಯೋ ಸಂದೇಶ ಕಳಿಸುವ ಹೊತ್ತಿಗೆ ಹಲವು ಮಿಲಿಆಂಪ್ ಬೇಕು. ಮಲಗಿದ್ದಾಗ ಕೆಲವೇ ಮೈಕ್ರೋಆಂಪ್ ಸಾಕು. ಹಾಗಾಗಿ ಸೆಲ್ಲಿನ ಆಯುಷ್ಯ ಇರುವುದು ಸೂಚಕದ ನಿದ್ದೆಯಲ್ಲಿ. ಸೆಕೆಂಡಿಗೊಮ್ಮೆ ಕೂಗುತ್ತಿದ್ದುದನ್ನು ಹತ್ತು ಸೆಕೆಂಡಿಗೊಮ್ಮೆ ಕೂಗುವಂತೆ ಬದಲಿಸಿದೆ. ಹತ್ತು ಸೆಕೆಂಡಿನಲ್ಲಿ ಟಾಕಿಯೇನು ಬರಿದಾಗುವುದಿಲ್ಲವಲ್ಲ!

ಆದರೆ ಅದು ಯಾವಾಗ ಕೂಗುತ್ತದೋ ತಿಳಿಯದ ಕಾರಣ ಕೇಳುವವರು ಸದಾ ಎಚ್ಚರ ಇರಬೇಕು. ಉಳಿತಾಯವೆಲ್ಲ ಹೇಳುವ ತುದಿಯದು, ಖರ್ಚು ಕೇಳುವ ತುದಿಯದು. ಫೋನನ್ನೇ ಕೇಳಲು ಕೂಡಿಸಿದರೆ ಅದರ ಬ್ಯಾಟರಿಗೆ ಭಾರ. ಅದಕ್ಕೆಂದೇ ಮಾಳಿಗೆಯ ಮೆಟ್ಟಿಲ ತುದಿಯಲ್ಲಿ, ಪ್ಲಗ್ ಇರುವ ಕಡೆ, ಒಂದು ಇಎಸ್‌ಪಿ32 ಬೋರ್ಡ್ ಇಟ್ಟೆ. ಅದು ಬ್ಲೂಟೂತ್‌ನಲ್ಲಿ ಕೇಳಿಸಿಕೊಂಡದ್ದನ್ನು ವೈಫೈಗೆ ದಾಟಿಸುತ್ತದೆ; ಅಡುಗೆಮನೆಯಲ್ಲಿ ಅವ್ವನ ಫೋನಿನಲ್ಲಿ ನೀರಿನ ಮಟ್ಟ ಕಾಣುತ್ತದೆ.

ಜಾಗದ ಆಯ್ಕೆಯೂ ಮುಖ್ಯ. 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ, ಸ್ಲ್ಯಾಬಿನ ಕಬ್ಬಿಣದ ಸರಳುಗಳು ತಡೆಯುತ್ತವೆ. ಸೂಚಕ ಟಾಕಿಯ ಆಚೆ ಬದಿಗಿದ್ದರೆ ಟಾಕಿ ತುಂಬಿದಂತೆಲ್ಲ ಸಿಗ್ನಲ್ ಕ್ಷೀಣಿಸುತ್ತದೆ. ಮೆಟ್ಟಿಲಿಗೆ ಮುಖ ಮಾಡಿದ ಬದಿಯಲ್ಲಿ, ನೀರಿನ ಮಟ್ಟಕ್ಕಿಂತ ಮೇಲೆ ಕೂಡಿಸುವುದೇ ಸರಿ. ಅಕ್ಕಪಕ್ಕದ ಮನೆಗಳ ವೈಫೈ ಗದ್ದಲ ಅಷ್ಟಾಗಿ ಕಾಡಲಿಲ್ಲ. ಈ ತಂತ್ರಜ್ಞಾನದ 40 ಚಾನೆಲ್‌ಗಳಲ್ಲಿ ಕೂಗಲೆಂದೇ ಮೀಸಲಿಟ್ಟ ಮೂರನ್ನು ವೈಫೈ ಹೆಚ್ಚಾಗಿ ಬಳಸುವ 1, 6, 11ನೆಯ ಚಾನೆಲ್‌ಗಳಿಂದ ತಪ್ಪಿಸಿ ಇಟ್ಟಿದ್ದಾರೆ.

ಸೆಲ್ ಕೊಳ್ಳುವಾಗ ಅಗ್ಗಕ್ಕೆ ಮಾರುಹೋಗಬಾರದು. ಕಳಪೆ ಸೆಲ್ಲೂ ಮೀಟರ್ ಹಚ್ಚಿದರೆ 3 ವೋಲ್ಟ್ ತೋರಿಸುತ್ತದೆ; ರೇಡಿಯೋ ಎಚ್ಚರಗೊಂಡು ಒಮ್ಮೆಲೇ ಕರೆಂಟ್ ಎಳೆದಾಗ ಕುಸಿದು ಸೂಚಕವೇ ರಿಸ್ಟಾರ್ಟ್ ಆಗುತ್ತದೆ. ಪರೀಕ್ಷಿಸುವುದಾದರೆ ಸೂಚಕ ಕೆಲಸ ಮಾಡುವಾಗಲೇ ಪರೀಕ್ಷಿಸಬೇಕು.

ಕೊನೆಯದಾಗಿ, ಮನೆಯಲ್ಲಿ ಚಿಕ್ಕ ಮಕ್ಕಳಿರುವವರಿಗೆ ಒಂದು ಮಾತು. ಇಂಥ ಲಿಥಿಯಂ ಬಟನ್ ಸೆಲ್ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ತಾಸಿನೊಳಗೇ ತೀವ್ರ ಸುಟ್ಟಗಾಯ ಆಗಬಹುದು. ಸೂಚಕಕ್ಕೆ ಸಾಲದೆಂದು ತೆಗೆದ ಹಳೆಯ ಸೆಲ್ಲಿಗೂ ಅಷ್ಟು ಶಕ್ತಿ ಉಳಿದಿರುತ್ತದೆ. ತೆಗೆದ ಕೂಡಲೇ ಎರಡೂ ಬದಿಗೆ ಟೇಪ್ ಸುತ್ತಿ, ಮಕ್ಕಳ ಕೈಗೆ ಸಿಗದಂತಿಟ್ಟು, ಇ-ತ್ಯಾಜ್ಯಕ್ಕೆ ಕೊಡಿ. ಮಗು ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ಮನೆಮದ್ದು ಮಾಡುತ್ತ ಕೂಡದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.