ಪುಟ್ಟಿ, ನಿನ್ನ ಪಟ್ಟಿ ಓದಿದೆ



  ರಾಷ್ಟ್ರಪ್ರಶಸ್ತಿ ಘೋಷಣೆಯಾದ ಸಿಟ್ಟಿಗೆ ನೀನು ಬರೆದು ಕಳಿಸಿದ ‘2022ರ ಓವರ್‌ರೇಟೆಡ್ ಕನ್ನಡ ಸಿನಿಮಾಗಳು’ ಪಟ್ಟಿ ಓದಿದೆ. ‘ಕೆಜಿಎಫ್ ಚಾಪ್ಟರ್ 2’, ‘ಕಾಂತಾರ’, ‘777 ಚಾರ್ಲಿ’, ‘ವಿಕ್ರಾಂತ್ ರೋಣ’, ‘ಜೇಮ್ಸ್’. ಹಳೆಯ ಸಿನಿಮಾಗಳಿಗೆ ಈಗ ಯಾಕೆ ಜಗಳ ಅಂತ ನಿನ್ನಮ್ಮ ಫೋನಿನಲ್ಲಿ ನಕ್ಕಳು. ನನಗೆ ಕೇಳಿದರೆ ಜಗಳಕ್ಕೆ ಇದೇ ಸರಿಯಾದ ಹೊತ್ತು. ಬಿಡುಗಡೆಯಾದ ವಾರ ಸಿನಿಮಾದ ಬಗ್ಗೆ ಮಾತಾಡುವವರು ಯಾರು? ಟಿಕೆಟ್ ಸಿಕ್ಕಿತೋ ಇಲ್ಲವೋ ಅನ್ನುವುದೇ ಮಾತು. ಸಾವಿರ ರೂಪಾಯಿ ಸುರಿದು ಬೆಳಗಿನ ಜಾವದ ಆಟಕ್ಕೆ ಹೋಗಿ ಬಂದವನು ಚೆನ್ನಾಗಿಲ್ಲ ಅಂದಾನೆಯೇ?

ನಿನ್ನ ಪಟ್ಟಿಯಲ್ಲಿ ನನಗೆ ಒಂದೇ ತಕರಾರು. ದೂರು ಯಾರ ಮೇಲೆ ಅಂತ ನೀನು ತೀರ್ಮಾನಿಸಿಕೊಂಡಿಲ್ಲ. ಸಿನಿಮಾ ತೆಗೆದವರ ಮೇಲೋ, ಹೊಗಳಿದವರ ಮೇಲೋ? ಹೊಗಳಿಕೆಯಲ್ಲಿ ಎಷ್ಟು ಪಾಲು ಸಿನಿಮಾಕ್ಕೆ ಸಲ್ಲಬೇಕಾದದ್ದು, ಎಷ್ಟು ನಮ್ಮ ನಮ್ಮ ಹಿಗ್ಗು, ದುಃಖ, ಹಟ ಎಂದು ಬಿಡಿಸಿ ನೋಡಿದರೆ ಐದೂ ಸಿನಿಮಾಗಳು ಒಂದೇ ಪಟ್ಟಿಯಲ್ಲಿ ಕೂರುವುದಿಲ್ಲ.

‘ಕೆಜಿಎಫ್’ಗೆ ಅತ್ಯುತ್ತಮ ಕನ್ನಡ ಚಿತ್ರ ಅಂತ ಕೊಟ್ಟದ್ದು ನನಗೂ ಒಪ್ಪಿಗೆಯಿಲ್ಲ. ಸಾಹಸಕ್ಕೆ ಅನ್ಬರಿವ್ ಜೋಡಿಗೆ ಕೊಟ್ಟರಲ್ಲ, ಅದು ನ್ಯಾಯ. ಭುವನ್ ಗೌಡರ ಕ್ಯಾಮೆರಾವನ್ನೂ, ಇಪ್ಪತ್ತರ ಆಸುಪಾಸಿನ ಹುಡುಗ ಉಜ್ವಲ್ ಕುಲಕರ್ಣಿಯ ಸಂಕಲನವನ್ನೂ ಅಲ್ಲಗಳೆದರೆ ನೀನೇ ಹಗುರಾಗುತ್ತೀ. ಆದರೆ ಕತೆ? ಇಡೀ ಸಿನಿಮಾದಲ್ಲಿ ಎಲ್ಲರೂ ನಾಯಕ ರಾಕಿಯ ಬಗ್ಗೆ ಮಾತಾಡುತ್ತಾರೆ, ರಾಕಿಯ ಜೊತೆ ಮಾತಾಡುವವರು ಕಡಿಮೆ. ಆ ಹುಡುಗಿ ರೀನಾಳನ್ನು ಎತ್ತಿಕೊಂಡು ಬಂದು ಮನರಂಜನೆಗೆ ಅಂತ ಇಟ್ಟುಕೊಳ್ಳುತ್ತಾನೆ. ಚಿತ್ರಮಂದಿರದಲ್ಲಿ ಅದಕ್ಕೂ ಶಿಳ್ಳೆ. ಇಷ್ಟಾಗಿಯೂ ಅದು 1,200 ಕೋಟಿ ದಾಟಿತು, ನಮ್ಮ ಹುಡುಗರು ತಾವೂ ಅದರಲ್ಲಿ ಪಾಲುದಾರರು ಅನ್ನುವ ಹಾಗೆ ಆ ಲೆಕ್ಕವನ್ನು ಬಾಯಿಪಾಠ ಮಾಡಿದರು. ಅವರನ್ನು ಪೂರ್ತಿ ಬೈಯಲು ನನಗೆ ಮನಸ್ಸಿಲ್ಲ. ಕನ್ನಡ ಸಿನಿಮಾ ಅಂದರೆ ಮೂಗು ಮುರಿಯುತ್ತಿದ್ದವರ ಎದುರು ತಲೆ ತಗ್ಗಿಸಿ ಕೂತ ತಲೆಮಾರು ನಮ್ಮದು. ಮುಂಬೈಯವರು ಕನ್ನಡದ ನಾಯಕನಿಗೆ ಶಿಳ್ಳೆ ಹಾಕಿದಾಗ ಎದ್ದ ಹೊಗಳಿಕೆಯಲ್ಲಿ ಅರ್ಧಕ್ಕರ್ಧ ನಮಗೆ ನಾವೇ ಕೊಟ್ಟುಕೊಂಡದ್ದು.

‘ವಿಕ್ರಾಂತ್ ರೋಣ’ವನ್ನು ಯಾರು ಅಷ್ಟು ಹೊಗಳಿದರು ಮಾರಾಯ್ತಿ? ಅದನ್ನು ಪಟ್ಟಿಯಿಂದ ಬಿಡು. ‘ಚಾರ್ಲಿ’ ನೋಡಿ ಆಗಿನ ಮುಖ್ಯಮಂತ್ರಿಗಳೇ ಕಣ್ಣೀರಿಟ್ಟರು, ತೆರಿಗೆ ವಿನಾಯಿತಿಯೂ ಬಂತು. ನಾಯಿ ಸಾಯುವ ಕತೆಗೆ ಅಳು ಬರುವುದು ನಿರ್ದೇಶಕನ ಹೆಚ್ಚುಗಾರಿಕೆ ಅಲ್ಲ ಅನ್ನುವ ನಿನ್ನ ಮಾತನ್ನು ಒಪ್ಪುತ್ತೇನೆ. ಆದರೆ ಆ ಲ್ಯಾಬ್ರಡಾರ್ ನಾಯಿಯಿಂದ ಅಂಥ ಅಭಿನಯ ತೆಗೆಸುವುದು ಹುಡುಗಾಟವೇ? ಪ್ರಯಾಣದ ಭಾಗ ಉದ್ದವಾಯಿತು, ಅಷ್ಟೇ.

ಇನ್ನು ‘ಕಾಂತಾರ’. ನಾವು ಕುಂದಾಪುರದವರು, ನಮ್ಮ ಭಾಷೆ ಪರದೆಯ ಮೇಲೆ ಯಾರ ಮುಲಾಜೂ ಇಲ್ಲದೆ ಮಾತಾಡಿತು. ಆ ತಾಯಿ ಕಮಲಕ್ಕನ ಬೈಗುಳ ಕೇಳಿ ನಿನ್ನ ಅತ್ತೆ ನಕ್ಕ ನಗುವಿಗೆ ಬೆಲೆ ಕಟ್ಟಲಾರೆ. ಹಾಗಾಗಿ ನಾನು ಹೇಳುವುದನ್ನು ಪಕ್ಷಪಾತ ಕಳೆದು ಓದಿಕೋ.

ಕೊನೆಯ ಇಪ್ಪತ್ತು ನಿಮಿಷ ನಿಜಕ್ಕೂ ದೊಡ್ಡದು. ಗುಳಿಗ ದೈವ ಮೈಮೇಲೆ ಬಂದಾಗ ರಿಷಬ್ ಶೆಟ್ಟಿ ನಟಿಸುತ್ತಿದ್ದಾರೆ ಅಂತ ಅನ್ನಿಸುವುದಿಲ್ಲ. ಆದರೆ ಕೊನೆಯ ಪ್ರಶ್ನೆಗೆ ಅದ್ಭುತವಾಗಿ ಉತ್ತರ ಬರೆದ ಹುಡುಗನಿಗೆ ಮೇಷ್ಟ್ರು ಮೈಮರೆತು ಇಡೀ ಪತ್ರಿಕೆಗೆ ನೂರಕ್ಕೆ ನೂರು ಹಾಕಿದ ಹಾಗಾಯಿತು. ಅದಕ್ಕೆ ಮುಂಚಿನ ಎರಡು ಗಂಟೆಯ ಉತ್ತರಗಳನ್ನು ಯಾರೂ ತಿದ್ದಲಿಲ್ಲ. ನಾಯಕ ಶಿವ ಲೀಲಾಳ ಸೊಂಟ ಚಿವುಟುವುದನ್ನು ನೀನು ಬರೆದಿದ್ದೀ, ಸರಿಯೇ. ನನ್ನ ಕೊರಗು ಬೇರೆ. ಲೀಲಾ ಅರಣ್ಯ ರಕ್ಷಕಿ. ಖಾಕಿ ತೊಟ್ಟು ತನ್ನೂರಿನವರ ಜಾಗಕ್ಕೇ ಬೇಲಿ ಹಾಕಲು ನಿಲ್ಲಬೇಕಾಗುತ್ತದೆ. ಇಡೀ ಸಿನಿಮಾದಲ್ಲಿ ಅದಕ್ಕಿಂತ ಕಷ್ಟದ ಜಾಗದಲ್ಲಿ ನಿಂತವರು ಇನ್ನೊಬ್ಬರಿಲ್ಲ. ಸಿನಿಮಾ ಅವಳನ್ನು ಅಲ್ಲೇ ಬಿಟ್ಟು ಮುಂದೆ ಹೋಗುತ್ತದೆ. ಕಾಡು ಯಾರದ್ದು, ಸರ್ಕಾರದ್ದೋ ಅಲ್ಲಿ ಬಾಳಿದವರದ್ದೋ ಅನ್ನುವ ಪ್ರಶ್ನೆಯೂ ಅಷ್ಟೇ. ದುಷ್ಟ ಅಂದರೆ ಜಮೀನ್ದಾರ ಎಂದು ಗೊತ್ತಾದದ್ದೇ ತಡ, ಅರಣ್ಯಾಧಿಕಾರಿಯೂ ಊರವರೂ ಒಂದಾಗಿಬಿಡುತ್ತಾರೆ. ಕೇಳಿದ ಪ್ರಶ್ನೆಗೆ ಉತ್ತರವೇ ಬೇಡವಾಯಿತು.

‘ಕಾಂತಾರ’ದ ಇನ್ನೊಂದು ದೈವ ಪಂಜುರ್ಲಿ ಶಿವರಾಮ ಕಾರಂತರ ಕಾದಂಬರಿ ‘ಚೋಮನ ದುಡಿ’ಯಲ್ಲೂ ಇದೆ. ಚೋಮನಿಗೆ ಬೇಕಾದದ್ದು ಉಳಲು ತುಂಡು ಭೂಮಿ. ಮತ ಬದಲಿಸಿದರೆ ಅದು ಸಿಕ್ಕೀತು, ಆದರೆ ಪಂಜುರ್ಲಿಯ ಮೇಲಿನ ನಂಬಿಕೆ ಅವನನ್ನು ಹಿಂದಕ್ಕೆ ಎಳೆಯುತ್ತದೆ. ಅಲ್ಲಿ ದೈವ ಬಂದು ಯಾರನ್ನೂ ಕೊಲ್ಲುವುದಿಲ್ಲ, ಯಾರ ಜಮೀನನ್ನೂ ಬಿಡಿಸಿಕೊಡುವುದಿಲ್ಲ. ಬಿ.ವಿ. ಕಾರಂತರು ಅದನ್ನು 1975ರಲ್ಲಿ ಸಿನಿಮಾ ಮಾಡಿದರು, ಚೋಮನಾಗಿದ್ದ ಎಂ.ವಿ. ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ರಿಷಬ್ ಅವರಿಗೆ ‘ಕಾಂತಾರ’ಕ್ಕೆ ಬಂದಿರುವುದೂ ಅದೇ ಪ್ರಶಸ್ತಿ. ಎರಡನ್ನೂ ಒಂದು ಭಾನುವಾರ ಒಂದರ ಹಿಂದೆ ಒಂದು ನೋಡು, ಆಮೇಲೆ ನಿನ್ನ ಪಟ್ಟಿಯಲ್ಲಿ ‘ಕಾಂತಾರ’ ಎಲ್ಲಿ ಕೂರಬೇಕು ಅಂತ ನೀನೇ ಹೇಳು.

ಹಾಗಂತ ‘ಕಾಂತಾರ’ದ ಗದ್ದಲದಿಂದ ಆದದ್ದೆಲ್ಲ ಸುಳ್ಳಲ್ಲ. ಸಿನಿಮಾ ಬಂದ ಮರುತಿಂಗಳೇ ಸರ್ಕಾರ 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ನಿನ್ನಂಥ ವಿಮರ್ಶಕರಿಂದ ಆಗದ ಕೆಲಸ. ಸುಮಾರು 16 ಕೋಟಿಯಲ್ಲಿ ತೆಗೆದು 400 ಕೋಟಿಯ ಹತ್ತಿರ ಗಳಿಸಿದ ಸಿನಿಮಾದ ಪಕ್ಕ ಆ ಎರಡು ಸಾವಿರವನ್ನು ಇಟ್ಟು ನೋಡಿದರೆ ಬೇರೆ ಯೋಚನೆಯೂ ಬರುತ್ತದೆ, ಅದು ಬೇರೆ ಮಾತು. ಇನ್ನೊಂದು ಕಡೆ, ಸಿನಿಮಾದಲ್ಲಿ ಕೇಳುವ ದೈವದ ಕೂಗನ್ನು ಕಂಡಕಂಡವರು ಮೊಬೈಲಿನ ಮುಂದೆ ಕೂಗತೊಡಗಿದರು. ಹಾಗೆ ಮಾಡಬೇಡಿ ಅಂತ ರಿಷಬ್ ಅವರೇ ಕೇಳಿಕೊಳ್ಳಬೇಕಾಯಿತು. ಕೋಲದ ಗದ್ದೆಯಲ್ಲಿ ಕೈಮುಗಿದು ನಿಲ್ಲುವ ನಮಗೆ ಅದು ಎಂಥ ಇರುಸುಮುರುಸು ಅಂತ ನಿನಗೆ ಹೇಳಬೇಕಾಗಿಲ್ಲ.

ನಿನ್ನ ಪಟ್ಟಿ ಓದುವಾಗ ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಅದರಲ್ಲಿ ಇಲ್ಲದ ಒಂದು ಹೆಸರಿಗೆ. 2022ರ ಸೆಪ್ಟೆಂಬರ್ 30ಕ್ಕೆ ‘ಕಾಂತಾರ’ ಬಂತು. ಅದಾಗಿ ಕೆಲವೇ ದಿನಗಳಲ್ಲಿ, ಅಕ್ಟೋಬರ್‌ನಲ್ಲಿ, ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಒಂದು ಕನ್ನಡ ಸಿನಿಮಾ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಬಿಸಿಯೂಟದ ಅಡುಗೆಯಾಕೆ ನೆಟ್‌ವರ್ಕ್ ಮಾರ್ಕೆಟಿಂಗ್‌ನ ಪುಡಿ ಮಾರಲು ಹೊರಟು, ಕೈಯಲ್ಲಿದ್ದ ದುಡ್ಡನ್ನೂ ನೆಂಟರಿಷ್ಟರನ್ನೂ ಪಣಕ್ಕಿಡುವ ಕತೆ. ನಟಿಸಿದವರು ಬಹುಪಾಲು ಆ ಕಡೆಯ ಹಳ್ಳಿಯವರೇ. ನಿರ್ಮಾಣ ಯಾರದ್ದು ಗೊತ್ತೇ? ರಿಷಬ್ ಶೆಟ್ಟಿಯವರದ್ದೇ. ಒಬ್ಬರದ್ದೇ ಕೈ ಇರುವ ಎರಡು ಸಿನಿಮಾ. ಒಂದು ವಾರಗಟ್ಟಲೆ ತುಂಬಿದ ಆಟ ಕಂಡಿತು, ಇನ್ನೊಂದು ನಮ್ಮ ಚಿತ್ರಮಂದಿರಕ್ಕೆ ಬರಲು 2024ರ ಜೂನ್ ಆಯಿತು. ಬಂದದ್ದು ಎಷ್ಟು ಜನಕ್ಕೆ ಗೊತ್ತಾಯಿತು? ನಿನಗೂ ಗೊತ್ತಾಗಲಿಲ್ಲ ಅಂತ ಕಾಣುತ್ತದೆ, ಗೊತ್ತಾಗಿದ್ದರೆ ಪ್ರಶಸ್ತಿಯ ಜಗಳದಲ್ಲಿ ಆ ಹೆಸರು ಎತ್ತದೆ ಬಿಡುವವಳಲ್ಲ ನೀನು. ಒಂದು ಸಿನಿಮಾಕ್ಕೆ ಹೊಗಳಿಕೆ ಹೆಚ್ಚಾದರೆ ಆ ಸಿನಿಮಾಕ್ಕೇನೂ ನಷ್ಟವಿಲ್ಲ. ಪರದೆ, ಪತ್ರಿಕೆಯ ಪುಟ, ಜನರ ನಾಲಿಗೆ ಇವಿಷ್ಟನ್ನೂ ಅದೇ ತುಂಬಿಕೊಂಡಾಗ ಇಂಥವಕ್ಕೆ ಜಾಗ ಸಿಗುವುದಿಲ್ಲ. ನೀನು ಬರೆಯುವುದಾದರೆ ಇದನ್ನು ಬರೆ.

ಕೊನೆಗೆ ‘ಜೇಮ್ಸ್’. ಅದನ್ನು ಇವತ್ತೇ ತೆಗೆದುಹಾಕು. ಕತೆ ಹಳೆಯದು, ಫೈಟುಗಳು ಜಾಸ್ತಿ, ಎಲ್ಲ ಒಪ್ಪಿದೆ. ಆದರೆ 2022ರ ಮಾರ್ಚ್ 17ರಂದು, ಅದರ ನಾಯಕ ಅಪ್ಪು (ಪುನೀತ್ ರಾಜ್‌ಕುಮಾರ್) ಇಲ್ಲದ ಮೊದಲ ಹುಟ್ಟುಹಬ್ಬದ ದಿನ, ಅಣ್ಣ ಶಿವಣ್ಣ ಕೊಟ್ಟ ದನಿಯಲ್ಲಿ ಅವನನ್ನು ನೋಡಲು ಹೋದವರು ಅಂಕ ಕೊಡಲು ಹೋದವರಲ್ಲ. ಅಲ್ಲಿ ಯಾರೂ ಸಿನಿಮಾವನ್ನು ಹೊಗಳಲೇ ಇಲ್ಲ, ಹಾಗಾದ ಮೇಲೆ ಹೆಚ್ಚಾಯಿತು ಅನ್ನುವುದು ಹೇಗೆ? ಪಟ್ಟಿಯಲ್ಲಿ ಆ ಹೆಸರಿರುವುದು ನಿನ್ನ ಅತ್ತೆಗೆ ಇನ್ನೂ ಗೊತ್ತಿಲ್ಲ. ಗೊತ್ತಾದರೆ ದೀಪಾವಳಿಗೆ ಬಂದಾಗ ನೀರುದೋಸೆ ನೀನೇ ಹೊಯ್ದುಕೊಳ್ಳಬೇಕಾದೀತು.

ಇಂತು ನಿನ್ನ ಪ್ರೀತಿಯ,
ಮಾವ